ವಿದ್ಯಾರ್ಥಿವೇತನ ಮತ್ತು ಕುಟುಂಬದ ಆದಾಯ

ಮೈಸೂರಿನ ಜಯಲಕ್ಷ್ಮಿಪುರಂ ಮಹಾಜನ ಕಾಲೇಜಿನಿಂದಾಗಿ ವಿದ್ಯಾರ್ಥಿಗಳ ಬಡಾವಣೆ. ಇಲ್ಲಿ ಓದುವವರಿಗೂ ಸರ್ಕಾರಿ ವಿದ್ಯಾರ್ಥಿವೇತನದ ಹಾದಿ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ ಮೂಲಕವೇ. ನೆರವಿಗೆ ಅಂಕಪಟ್ಟಿಯಷ್ಟೇ ಸಾಲದು, ಜಾತಿ ಮತ್ತು ಆದಾಯ ಪ್ರಮಾಣಪತ್ರವೂ ಬೇಕು. ನಾಡಕಚೇರಿ ಕೊಡುವ ಆ ಪತ್ರದ ತಲೆಯಲ್ಲಿರುವ ಆರ್‌ಡಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ತುಂಬಬೇಕು. ಆಧಾರ್‌ನಲ್ಲೊಂದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೊಂದು ಹೆಸರಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಪರಿಶಿಷ್ಟ ಜಾತಿಯವರ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ವೇತನಕ್ಕೆ ಪೋಷಕರ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಈ ಗೆರೆ ಬಲು ಒರಟು: ಮನೆಯಲ್ಲಿ ಓದುವವರು ಒಬ್ಬರೋ ಮೂವರೋ, ಬಾಡಿಗೆ, ಸಾಲ, ಔಷಧಿ ಎಷ್ಟೋ, ಅದು ಕೇಳುವುದಿಲ್ಲ. ಸಂಬಳದಾರನ ಆದಾಯ ಚೀಟಿಯಲ್ಲಿ ಕಾಣುತ್ತದೆ, ಅಂಗಡಿಯವನದು ಅಂದಾಜು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ 2013-14ರಲ್ಲಿ ಬಂದ ವಿದ್ಯಾಸಿರಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಊಟ-ವಸತಿ ನೆರವು ಕೊಟ್ಟಿತು. 2021ರ ರೈತ ವಿದ್ಯಾನಿಧಿಯದು ಬೇರೆ ದಾರಿ. ಅಲ್ಲಿ ಮುಖ್ಯವಾದದ್ದು ತಂದೆತಾಯಿಯ ಕಸುಬು.

ಹಿನ್ನೆಲೆ ನೋಡಿ ನೆರವು ಕೊಡುವ ಚರ್ಚೆ ಮೈಸೂರಿಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯೂ ಹಿಂದುಳಿದವರ ಶಿಕ್ಷಣಕ್ಕೆ ವಿದ್ಯಾರ್ಥಿವೇತನವನ್ನು ಶಿಫಾರಸು ಮಾಡಿತ್ತು. ಆಗಿನ ಅಳತೆಗೋಲು ಸಮುದಾಯ. ಮನೆಯ ವರಮಾನ ಸೇರಿಕೊಂಡದ್ದು ಆಮೇಲೆ.