ಬೆಳ್ಳಿ ರೂಪಾಯಿಯ ಬೆಲೆ ನಿರ್ಧರಿಸುವುದು ಹೊಳಪಲ್ಲ, ದರ್ಜೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಹಳೆಯ ಮನೆತನಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳು ತಿಜೋರಿಯಿಂದ ಹೊರಬರುತ್ತವೆ. ಅವುಗಳನ್ನು ಹುಣಸೆಹುಳಿಯಿಂದಲೋ ಬೂದಿಯಿಂದಲೋ ತಿಕ್ಕಿ, ಥಳಥಳಿಸುವಂತೆ ಮಾಡಿ ದೇವರ ಮುಂದೆ ಇಡುವುದು ವಾಡಿಕೆ. ಪೂಜೆಗೆ ಶೋಭೆ ತರುವ ಈ ಕ್ರಮವೇ ನಾಣ್ಯಸಂಗ್ರಾಹಕರ ದೃಷ್ಟಿಯಲ್ಲಿ ಬೆಲೆಗೆ ಕುತ್ತು ತರುವಂಥದು.

ಈಗಿನ ಹಾವೇರಿ ಜಿಲ್ಲೆ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಈ ಪ್ರದೇಶ ಮುಂಬಯಿ ಆಡಳಿತಕ್ಕೆ ಸೇರಿತ್ತು. ಬ್ರಿಟಿಷ್ ಭಾರತದ ರೂಪಾಯಿಗಳು ಮುಖ್ಯವಾಗಿ ಮುಂಬಯಿ ಮತ್ತು ಕೋಲ್ಕತ್ತ ಟಂಕಸಾಲೆಗಳಲ್ಲಿ ಅಚ್ಚಾದವು. ಐದನೇ ಜಾರ್ಜ್ ದೊರೆಯ ರೂಪಾಯಿಯ ಹಿಂಬದಿಯಲ್ಲಿ, ಕೆಳಗಿನ ಕಮಲದ ಬಳಿ ಸಣ್ಣ ಚುಕ್ಕೆಯಿದ್ದರೆ ಅದು ಮುಂಬಯಿಯದು, ಚುಕ್ಕೆಯಿಲ್ಲದಿದ್ದರೆ ಕೋಲ್ಕತ್ತದ್ದು.

ಲೋಹದ ಬೆಲೆ, ಸಂಗ್ರಹದ ಬೆಲೆ

ಪ್ರತಿ ಬೆಳ್ಳಿ ನಾಣ್ಯಕ್ಕೆ ಎರಡು ಬೆಲೆಗಳಿವೆ. ಮೊದಲನೆಯದು ಲೋಹದ ಬೆಲೆ. 1835ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿಯ ಪ್ರಮಾಣ ಶೇಕಡಾ 91.7. ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿದು ಸುಮಾರು 5.8 ಗ್ರಾಂ ಮಾತ್ರ ಉಳಿಯಿತು. 1947ರ ರೂಪಾಯಿ ನಿಕ್ಕಲ್‌ನದು. ಗಾಂಧಿ ಶತಮಾನೋತ್ಸವದ ನೆನಪಿಗೆ 1969ರಲ್ಲಿ ಬಂದ ಹತ್ತು ರೂಪಾಯಿಯ ನಾಣ್ಯದ ತೂಕ 15 ಗ್ರಾಂ. ಅದರಲ್ಲಿ 12 ಗ್ರಾಂ ಬೆಳ್ಳಿಯಿದೆ. ಆಯಾ ದಿನದ ಬೆಳ್ಳಿಯ ದರದಿಂದ ಈ ತೂಕವನ್ನು ಗುಣಿಸಿದರೆ ಕನಿಷ್ಠ ಬೆಲೆ ದೊರೆಯುತ್ತದೆ. ಸರಾಫರ ತಕ್ಕಡಿ ಹೇಳುವುದು ಇಷ್ಟನ್ನೇ.

ಎರಡನೆಯದು ಸಂಗ್ರಹದ ಬೆಲೆ. ಇದು ವಿರಳತೆ ಮತ್ತು ಸ್ಥಿತಿ, ಇವೆರಡನ್ನೂ ಅವಲಂಬಿಸಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ಸುಕ್ಕು ಮತ್ತು ಒಣಗಿದ ಹದ ನೋಡಿ ಒಂದೇ ತಳಿಯ ಎರಡು ರಾಶಿಗಳಿಗೆ ಬೇರೆ ಬೇರೆ ದರ ಕೂಗುವಂತೆ, ಒಂದೇ ಇಸವಿಯ ಎರಡು ನಾಣ್ಯಗಳ ಬೆಲೆಯಲ್ಲಿಯೂ ಅನೇಕ ಪಟ್ಟು ಅಂತರವಿರಬಹುದು.

ದರ್ಜೆ ಹೇಗೆ?

ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಅಂಕಮಾಪನವೇ ಇಂದು ಜಗತ್ತಿನ ಬಹುಪಾಲು ನಾಣ್ಯಗಳಿಗೆ ಆಧಾರವಾಗಿದೆ. 60ರಿಂದ ಮೇಲಿನವು ಚಲಾವಣೆಯ ಸವೆತವನ್ನೇ ಕಾಣದ ‘ಅನ್‌ಸರ್ಕ್ಯುಲೇಟೆಡ್’ ನಾಣ್ಯಗಳು. ಅದರ ಕೆಳಗೆ ಎಕ್ಸ್‌ಟ್ರೀಮ್ಲಿ ಫೈನ್, ವೆರಿ ಫೈನ್, ಫೈನ್, ಗುಡ್ ಎಂಬ ದರ್ಜೆಗಳು ಬರುತ್ತವೆ. ಹೆಸರು ‘ಗುಡ್’ ಎಂದಿದ್ದರೂ ಅದು ಚಿತ್ರದ ಹೊರರೇಖೆಯಷ್ಟೇ ಉಳಿದ, ಬಹಳ ಸವೆದ ನಾಣ್ಯವೆಂಬುದನ್ನು ಹೊಸಬರು ಗಮನಿಸಬೇಕು. ‘ಪ್ರೂಫ್’ ಎಂಬುದು ದರ್ಜೆಯಲ್ಲ. ಸಂಗ್ರಾಹಕರಿಗಾಗಿಯೇ ವಿಶೇಷವಾಗಿ ಅಚ್ಚು ಹಾಕುವ ವಿಧಾನ.

ಸವೆತ ಮೊದಲು ಕಾಣುವುದು ಉಬ್ಬಿದ ಭಾಗಗಳಲ್ಲಿ. ವಿಕ್ಟೋರಿಯಾ ರಾಣಿಯ ಕೂದಲಿನ ಎಳೆ ಮತ್ತು ಉಡುಪಿನ ಕಸೂತಿ, ಏಳನೇ ಎಡ್ವರ್ಡ್‌ನ ಕಿವಿಯ ಮೇಲಿನ ಕೂದಲು, ಐದನೇ ಜಾರ್ಜ್‌ನ ಕಿರೀಟ ಮತ್ತು ನಿಲುವಂಗಿಯ ಮೇಲಿನ ಆನೆ, ಇವು ಎಷ್ಟು ಸ್ಪಷ್ಟವಾಗಿವೆ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಬೇಕು.

ಬೆಲೆ ಕುಂದಿಸುವ ದೋಷಗಳು

ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶದೊಡನೆ ಲೋಹ ಬೆರೆತು ಮೂಡುವ ತೆಳುವಾದ ಪದರ. ಸಹಜವಾಗಿ ಮೂಡಿದ ಈ ಛಾಯೆಯನ್ನು ಸಂಗ್ರಾಹಕರು ಮೆಚ್ಚುತ್ತಾರೆ. ತಿಕ್ಕಿದಾಗ ಉಳಿಯುವ ಕೂದಲೆಳೆಯಂಥ ಗೀರುಗಳು ಮಾತ್ರ ಎಂದಿಗೂ ಅಳಿಯವು. ಅಂಥ ನಾಣ್ಯಕ್ಕೆ ದರ್ಜೆ ನೀಡುವ ಅಂತಾರಾಷ್ಟ್ರೀಯ ಸಂಸ್ಥೆಗಳು ಸಾಮಾನ್ಯವಾಗಿ ಅಂಕವನ್ನೇ ಕೊಡದೆ, ಶುಚಿಗೊಳಿಸಿದ್ದೆಂದು ನಮೂದಿಸುತ್ತವೆ.

ಸರಕ್ಕಾಗಿ ಕೊಂಡಿ ಬೆಸೆದ ಅಥವಾ ರಂಧ್ರ ಕೊರೆದ ನಾಣ್ಯಗಳದೂ ಇದೇ ಸ್ಥಿತಿ. ಕೊಂಡಿ ತೆಗೆಸಿದರೂ ಬೆಸುಗೆಯ ಗುರುತು ಉಳಿಯುತ್ತದೆ. ಆದರೆ ಲಂಬಾಣಿ ಆಭರಣದಂಥವನ್ನು ಬಿಡಿಸದೆ ಇಡಿಯಾಗಿ ಉಳಿಸಿಕೊಳ್ಳುವುದೇ ಲೇಸು. ಆಭರಣವಾಗಿಯೇ ಅದಕ್ಕೆ ಬೇರೊಂದು ಮೌಲ್ಯವಿದೆ.

ವಿರಳತೆ ಮತ್ತು ನಕಲಿ

ಹಳೆಯದಾದ ಮಾತ್ರಕ್ಕೆ ನಾಣ್ಯ ದುಬಾರಿಯಾಗದು. 1862, 1907, 1918ರ ರೂಪಾಯಿಗಳು ಅಪಾರ ಸಂಖ್ಯೆಯಲ್ಲಿ ದೊರೆಯುವುದರಿಂದ ಸವೆದ ಪ್ರತಿಗೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಬಾರದು. ಉತ್ತಮ ದರ್ಜೆಯದಕ್ಕೆ ಮಾತ್ರ ಬೇಡಿಕೆ. 1911ರ ರೂಪಾಯಿಯಲ್ಲಿ ಆನೆಯ ಚಿತ್ರ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಎದ್ದು ಅಚ್ಚನ್ನು ತಿದ್ದಲಾಯಿತು. ಆದ್ದರಿಂದ ಅದಕ್ಕೆ ವಿಶೇಷ ಬೇಡಿಕೆ. ಆರನೇ ಜಾರ್ಜ್‌ನ 1939ರ ರೂಪಾಯಿ ಅತಿ ವಿರಳ. ಅದರ ನಕಲುಗಳೂ ಇರುವುದರಿಂದ ತೂಕ, ಅಂಚು ಮತ್ತು ಇಸವಿಯ ಅಂಕಿಗಳನ್ನು ಪರಿಣತರಿಂದ ಪರೀಕ್ಷಿಸಿಕೊಳ್ಳಬೇಕು.

ಮಾರುವ ಮುನ್ನ

ನಾಣ್ಯವನ್ನು ಅಂಚಿನಲ್ಲಿಯೇ ಹಿಡಿಯಬೇಕು. ಪಿವಿಸಿ ಹಾಳೆಯಲ್ಲಿ ಇಡಬಾರದು. ಆನ್‌ಲೈನ್‌ನಲ್ಲಿ ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುವುದಾಗಿ ನಂಬಿಸಿ ಮೊದಲು ಶುಲ್ಕ ಕೇಳುವವರ ಬಗ್ಗೆ, ತನ್ನ ಹೆಸರು ದುರ್ಬಳಕೆಯಾಗುತ್ತಿದೆಯೆಂದು ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಎಚ್ಚರಿಸಿದೆ. ನೂರು ವರ್ಷ ತುಂಬಿದ ನಾಣ್ಯಗಳು 1972ರ ಕಾಯ್ದೆಯಂತೆ ಪ್ರಾಚ್ಯವಸ್ತುಗಳಾಗಿದ್ದು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಹೊಲದಲ್ಲಿ ನಿಧಿಯಾಗಿ ಸಿಕ್ಕ ನಾಣ್ಯಗಳ ವಿಷಯವನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಪೂಜೆಗೆ ಅಂಗಡಿಯ ಹೊಸ ಬೆಳ್ಳಿ ನಾಣ್ಯವನ್ನು ತೊಳೆದಿಟ್ಟು, ಅಜ್ಜನ ಕಾಲದ ರೂಪಾಯಿಯನ್ನು ತಿಕ್ಕದೆ ಅದರ ಪಕ್ಕದಲ್ಲಿಟ್ಟರೆ ವಾಡಿಕೆಯೂ ಉಳಿಯುತ್ತದೆ, ಬೆಲೆಯೂ ಉಳಿಯುತ್ತದೆ.