ವಿಶ್ವವಿದ್ಯಾಲಯ ಬಿಟ್ಟುಕೊಟ್ಟ ಮೊದಲ ಪಾಠ: ಇಂಡೋನೇಷ್ಯಾದ ಕುರ್‌ಆನ್ ಶಿಕ್ಷಕರು

ಶಾಲೆಗಳಲ್ಲಿ ಇಸ್ಲಾಮ್ ಕಲಿಸುವವರನ್ನು ವಿಶ್ವವಿದ್ಯಾಲಯದಲ್ಲೇ ತಯಾರು ಮಾಡುವ ಕೆಲಸಕ್ಕೆ ಇಂಡೋನೇಷ್ಯಾದಷ್ಟು ವಿಸ್ತಾರವಾಗಿ ಕೈಹಾಕಿದ ದೇಶಗಳು ವಿರಳ. ಅದರ ಹಿಂದೆ ಧರ್ಮಶ್ರದ್ಧೆಯಷ್ಟೇ ಆಡಳಿತದ ಅಗತ್ಯವೂ ಇತ್ತು. 1946ರ ಜನವರಿಯಲ್ಲಿ ಧಾರ್ಮಿಕ ವ್ಯವಹಾರಗಳ ಸಚಿವಾಲಯ ಹುಟ್ಟಿತು. ಸರ್ಕಾರಿ ಶಾಲೆಗಳು ಶಿಕ್ಷಣ ಇಲಾಖೆಯವು, ಅಲ್ಲಿ ಧರ್ಮ ಬೋಧಿಸುವವರ ಹೊಣೆ ಮಾತ್ರ ಈ ಹೊಸ ಸಚಿವಾಲಯದ್ದು. ಆ ಹೊಣೆ ಹೊರಲು 1950ರ ದಶಕದಲ್ಲಿ ‘ಪಿಜಿಎ’ ಎಂಬ ಧರ್ಮಶಿಕ್ಷಕರ ತರಬೇತಿ ಶಾಲೆಗಳು ಬೆಳೆದವು. 1951ರಲ್ಲಿ ಯೋಗ್ಯಕರ್ತಾದಲ್ಲಿ ಸರ್ಕಾರದ ಉನ್ನತ ಇಸ್ಲಾಮಿಕ್ ವಿದ್ಯಾಲಯ, 1957ರಲ್ಲಿ ಜಕಾರ್ತಾದಲ್ಲೊಂದು ಅಕಾಡೆಮಿ ಬಂದವು. 1960ರಲ್ಲಿ ಎರಡೂ ಸೇರಿ ‘ಐಎಐಎನ್’ ಎಂಬ ಸರ್ಕಾರಿ ಇಸ್ಲಾಮಿಕ್ ಉನ್ನತ ಸಂಸ್ಥೆ ಆದಾಗ ಶಿಕ್ಷಕರನ್ನು ರೂಪಿಸುವ ಕೆಲಸ ಅದರ ತರ್ಬಿಯಾ (ಶಿಕ್ಷಣ) ವಿಭಾಗದ ಪಾಲಿಗೆ ಬಂತು. 1966ರಲ್ಲಿ ಧರ್ಮಶಿಕ್ಷಣ ಪ್ರಾಥಮಿಕ ಶಾಲೆಯಿಂದ ಸರ್ಕಾರಿ ವಿಶ್ವವಿದ್ಯಾಲಯದವರೆಗೂ ಕಡ್ಡಾಯವಾಯಿತು.

ಮುಂದಿನ ದಶಕಗಳಲ್ಲಿ ಈ ಸಂಸ್ಥೆಗಳು ಏರಿದ್ದೆಲ್ಲ ವಿದ್ವತ್ತಿನ ಮೆಟ್ಟಿಲುಗಳನ್ನು. 1973ರಿಂದ 1984ರವರೆಗೆ ಜಕಾರ್ತಾದ ಐಎಐಎನ್ ಮುಖ್ಯಸ್ಥರಾಗಿದ್ದ ಹಾರುನ್ ನಸೂತಿಯೋನ್ ಪಠ್ಯಕ್ರಮಕ್ಕೆ ತತ್ತ್ವಶಾಸ್ತ್ರ, ಸೂಫಿ ಚಿಂತನೆ, ಇತಿಹಾಸಗಳನ್ನು ತಂದು, ಒಂದೇ ಪಂಥದ ಧರ್ಮವಿಧಿ ಶಾಸ್ತ್ರವಾದ ಫಿಕ್ಹ್‌ಗೆ ಕಟ್ಟುಬಿದ್ದ ಓದನ್ನು ಸಡಿಲಿಸಿದರು. 2002ರಲ್ಲಿ ಅದೇ ಸಂಸ್ಥೆ ಎಲ್ಲ ಶಾಸ್ತ್ರಗಳನ್ನೂ ಕಲಿಸುವ ವಿಶ್ವವಿದ್ಯಾಲಯವಾಯಿತು. 2005ರ ಶಿಕ್ಷಕರ ಕಾಯ್ದೆ ಪದವಿಯನ್ನೂ ವೃತ್ತಿ ಪ್ರಮಾಣಪತ್ರವನ್ನೂ ಕಡ್ಡಾಯ ಮಾಡಿತು. ಇವೆಲ್ಲ ಲಾಭವೇ. ಆದರೆ ಈ ನಡುವೆ, 1990ರ ದಶಕದ ಆರಂಭದಲ್ಲಿ, ಪಿಜಿಎಗಳು ಸಾಮಾನ್ಯ ಮದ್ರಸಗಳಾಗಿ ಮಾರ್ಪಟ್ಟವು. ಮಕ್ಕಳೆದುರು ನಿಂತು ಕಲಿಸುವುದನ್ನೇ ಕಸುಬಾಗಿ ಹೇಳಿಕೊಡುತ್ತಿದ್ದ ಒಂದು ಮೆಟ್ಟಿಲು ಹೀಗೆ ಕಳಚಿತು. ತಫ್ಸೀರ್ (ಕುರ್‌ಆನ್ ವ್ಯಾಖ್ಯಾನ) ಬಲ್ಲ ಪದವೀಧರ ಆರು ವರ್ಷದ ಮಗುವಿಗೆ ಅರಬ್ಬಿಯ ಮೊದಲ ಅಕ್ಷರ ಅಲಿಫ್ ಹೇಗೆ ಕಲಿಸಬೇಕು ಎಂಬುದು ಕ್ಯಾಂಪಸ್ಸಿನ ಮುಖ್ಯ ಪ್ರಶ್ನೆಯಾಗಿ ಉಳಿಯಲಿಲ್ಲ.

ಅದಕ್ಕೆ ಉತ್ತರ ಬಂದದ್ದು ವ್ಯಾಪಾರಿಗಳಿಂದ, ಮಸೀದಿಯ ಹುಡುಗರಿಂದ. ಹಳೆಯ ಬಾಗ್ದಾದಿ ಪಾಠದಲ್ಲಿ ಮಗು ಅಕ್ಷರದ ಹೆಸರು, ಸ್ವರಚಿಹ್ನೆಯ ಹೆಸರು ಎರಡನ್ನೂ ಹೇಳಿ ಕೊನೆಗೆ ಉಚ್ಚಾರಣೆಗೆ ಬರುತ್ತಿತ್ತು; ‘ಕ’ಕ್ಕೆ ಇಳಿ ಕೊಟ್ಟರೆ ‘ಕಾ’ ಎಂದು ನಮ್ಮ ಕಾಗುಣಿತ ಒಪ್ಪಿಸಿದ ಹಾಗೆ. ಸೆಮರಾಂಗ್‌ನ ದಹ್ಲಾನ್ ಸಾಲಿಂ ಝರ್ಕಶಿ ಅವರ ‘ಕಿರಾಅತಿ’, ಯೋಗ್ಯಕರ್ತಾದ ಕೋತಗೆಡೆಯಲ್ಲಿ ಅಸ್‌ಅದ್ ಹುಮಾಂ ಅವರ ‘ಇಕ್ರೊ’ ಎಂಬ ಓದು ಕಲಿಸುವ ಕ್ರಮಗಳು ಈ ಸುತ್ತುದಾರಿ ಬಿಟ್ಟು ನೇರವಾಗಿ ಉಚ್ಚಾರಣೆಯಿಂದಲೇ ಆರಂಭಿಸಿದವು. ಆರು ತೆಳು ಪುಸ್ತಕಗಳ ಇಕ್ರೊ 1988ರ ನಂತರ ದೇಶವಿಡೀ ಹರಡಿ ಮಲೇಷ್ಯಾವನ್ನೂ ಮುಟ್ಟಿತು. ಇವೆರಡರ ನಡುವಿನ ಭೇದ ಗಮನಿಸಬೇಕಾದದ್ದು. ಇಕ್ರೊ ಯಾವ ಅಂಗಡಿಯಲ್ಲೂ ಸಿಗುತ್ತದೆ. ಕಿರಾಅತಿಯವರಾದರೋ ಪುಸ್ತಕವನ್ನು ಅಂಗಡಿಗೆ ಬಿಡದೆ, ಪರೀಕ್ಷೆ ಗೆದ್ದು ಪ್ರಮಾಣಪತ್ರ ಪಡೆದವರಿಗಷ್ಟೇ ಕಲಿಸಲು ಅವಕಾಶ ಕೊಟ್ಟರು. ಹರಡುವಿಕೆಯಲ್ಲಿ ಇಕ್ರೊ ಗೆದ್ದಿತು. ಶಿಕ್ಷಕನ ತರಬೇತಿಯ ಕುರಿತು ಹೆಚ್ಚು ಗಂಭೀರವಾಗಿ ಯೋಚಿಸಿದ್ದು ಮಾತ್ರ ಕಿರಾಅತಿ ಎಂಬುದು ನನ್ನ ಅಭಿಪ್ರಾಯ.

ಕುರ್‌ಆನ್ ಓದಿಸುವ ಕೆಲಸ ಪೆಸಾಂತ್ರೆನ್ ಎಂಬ ವಸತಿ ಧಾರ್ಮಿಕ ಶಾಲೆಗಳು ಮತ್ತು ಮಸೀದಿಗಳದ್ದು, ವಿಶ್ವವಿದ್ಯಾಲಯದ್ದು ವಿಮರ್ಶೆ, ಈ ಹಂಚಿಕೆಯೇ ಸರಿ ಎನ್ನುವವರಿದ್ದಾರೆ. ತರ್ಬಿಯಾ ವಿಭಾಗಕ್ಕೆ ಬರುವವರೆಲ್ಲ ಪೆಸಾಂತ್ರೆನ್‌ನಲ್ಲಿ ಪಳಗಿದವರೇ ಆಗಿದ್ದರೆ ಈ ವಾದ ನಿಲ್ಲುತ್ತಿತ್ತು. ಆದರೆ ಸಾಮಾನ್ಯ ಪ್ರೌಢಶಾಲೆಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಹಲವು ಕ್ಯಾಂಪಸ್‌ಗಳು ಅವರಿಗೆ ಕುರ್‌ಆನ್ ಓದು-ಬರಹದ ಪರೀಕ್ಷೆ ಇಟ್ಟಿರುವುದೇ ಆ ಹಂಚಿಕೆ ಮುರಿದಿದೆ ಎನ್ನುವುದಕ್ಕೆ ಸಾಕ್ಷಿ. ಗುರುಪರಂಪರೆಯ ಸನದ್ ನಂಬುವವರ ಆಕ್ಷೇಪ ಇದಕ್ಕಿಂತ ತೂಕದ್ದು: ತಜ್ವೀದ್, ಅಂದರೆ ಸರಿಯಾದ ಪಠಣ ವಿಧಾನ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿಯುವಂಥದ್ದು, ಅಂಕಪಟ್ಟಿಗೆ ಸಿಗುವಂಥದ್ದಲ್ಲ. ನಿಜ. ಆದರೆ ಅಂಥ ಗುರುಗಳನ್ನೇ ಕ್ಯಾಂಪಸ್ಸಿಗೆ ಕರೆತಂದ ಉದಾಹರಣೆ ಜಕಾರ್ತಾದಲ್ಲೇ ಇದೆ. 1971ರ ಪಿಟಿಐಕ್ಯೂ, 1977ರಲ್ಲಿ ಮಹಿಳೆಯರಿಗಾಗಿ ಆರಂಭವಾದ ಐಐಕ್ಯೂ ಕುರ್‌ಆನ್ ವಿದ್ಯೆಗಳನ್ನೇ ಕೇಂದ್ರವಾಗಿಟ್ಟುಕೊಂಡ ಉನ್ನತ ಸಂಸ್ಥೆಗಳು. ಕುರ್‌ಆನ್ ಕಂಠಸ್ಥ ಮಾಡಿದವರಿಗೆ ದಕ್ಕಿದ ಆ ಕ್ರಮ ಸಾಮಾನ್ಯ ಶಾಲೆಗೆ ಹೋಗಲಿರುವ ಶಿಕ್ಷಕನಿಗೂ ಒಂದಿಷ್ಟು ಸಿಗಬೇಕಿತ್ತು.

2007ರ ಸರ್ಕಾರಿ ನಿಯಮಾವಳಿ ಮಸೀದಿಯ ಸಂಜೆ ಪಾಠಶಾಲೆಗಳನ್ನು ಶಿಕ್ಷಣ ವ್ಯವಸ್ಥೆಯ ಭಾಗವೆಂದು ಒಪ್ಪಿಕೊಂಡಿತು. ಅಲ್ಲಿ ಕಲಿಸುವವರಿಗೆ ಅದು ಪದವಿ ಕೇಳಲಿಲ್ಲ. ಪ್ರೌಢಹಂತದ ಧಾರ್ಮಿಕ ಓದು, ಸ್ಫುಟವಾದ ಪಠಣ, ಜೊತೆಗೆ ಕುರ್‌ಆನ್ ಕಲಿಸುವ ತಂತ್ರ ಕೇಳಿತು. ಆ ಕೊನೆಯದನ್ನು ಸಂಶೋಧಿಸಿ, ಮಕ್ಕಳೆದುರು ಪರೀಕ್ಷಿಸಿ, ತಿದ್ದಿ ಕಲಿಸುವ ಕೆಲಸ ತರ್ಬಿಯಾ ವಿಭಾಗಗಳದ್ದಲ್ಲದೆ ಇನ್ನಾರದ್ದು?