ಪಲ್ಟಿಯಾಗುತ್ತದೆ ಎಂದು ಒಪ್ಪಿಕೊಂಡ ಮೇಲೆ

‘ಚಾಲಕನ ನಿಯಂತ್ರಣ ತಪ್ಪಿ ಟ್ರ್ಯಾಕ್ಟರ್ ಪಲ್ಟಿ.’ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬರುವ ಈ ವಾಕ್ಯವನ್ನು ನಾವು ಎಷ್ಟು ಸಲ ಓದಿದ್ದೇವೆಂದರೆ, ಅದರೊಳಗೆ ಒಂದು ತೀರ್ಪು ಅಡಗಿದೆ ಎಂಬುದೇ ಗಮನಕ್ಕೆ ಬರುವುದಿಲ್ಲ. ತಪ್ಪು ಚಾಲಕನದು, ಯಂತ್ರದ್ದಲ್ಲ ಎಂಬುದು ಆ ತೀರ್ಪು. ಇದು ನಮ್ಮ ವರದಿಗಾರರು ಹುಟ್ಟಿಸಿದ್ದಲ್ಲ. ಟ್ರ್ಯಾಕ್ಟರ್ ಹೊಲಕ್ಕಿಳಿದ ಮೊದಲ ನಾಲ್ಕು ದಶಕ ತಯಾರಕರು, ಎಂಜಿನಿಯರುಗಳು, ಸರ್ಕಾರಗಳು ಎಲ್ಲರೂ ನಂಬಿಕೊಂಡಿದ್ದು ಇದನ್ನೇ. ಯಂತ್ರವನ್ನು ಇನ್ನಷ್ಟು ಸ್ಥಿರಗೊಳಿಸೋಣ, ಓಡಿಸುವವನಿಗೆ ಇನ್ನಷ್ಟು ಎಚ್ಚರಿಕೆ ಹೇಳೋಣ, ಅಪಘಾತ ತಾನಾಗಿ ನಿಲ್ಲುತ್ತದೆ ಎಂಬುದು ಆ ಕಾಲದ ಲೆಕ್ಕಾಚಾರ. ಇಳಿಜಾರಿನಲ್ಲಿ ಸಣ್ಣ ಟ್ರ್ಯಾಕ್ಟರನ್ನು ಹೇಗೆ ನಿಲ್ಲಿಸಿಕೊಳ್ಳಬೇಕೆಂಬ ಜ್ಞಾನ ಬೆಳೆದದ್ದು ಆ ನಂಬಿಕೆಯ ಒಳಗೇ. ಆದರೆ ಪ್ರಾಣ ಉಳಿಯತೊಡಗಿದ್ದು ಆ ನಂಬಿಕೆ ಮುರಿದ ಮೇಲೆ.

ಮೊದಲು ಕಾಡಿದ್ದು ಅಡ್ಡಕ್ಕೆ ಬೀಳುವ ಭಯವಲ್ಲ, ಹಿಂದಕ್ಕೆ ಮಗುಚುವ ಭಯ. 1917ರಲ್ಲಿ ಹೆನ್ರಿ ಫೋರ್ಡ್ ತಂದ ಫೋರ್ಡ್‌ಸನ್ ಅಗ್ಗವಾಗಿತ್ತು, ಹಗುರವಾಗಿತ್ತು, ಲಕ್ಷಗಟ್ಟಲೆ ಮಾರಾಟವಾಯಿತು. ಅದರ ಹಿಂದೆ ಎತ್ತಿಗೆ ಕಟ್ಟಿದಂತೆಯೇ ನೇಗಿಲನ್ನು ಎಳೆಗೊಂಡಿಗೆ ಕಟ್ಟುತ್ತಿದ್ದರು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿಕೊಂಡರೆ ಎತ್ತು ತಾನಾಗಿ ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಹಿಂದಿನ ಚಕ್ರ ತಿರುಗಲಾರದೆ ನಿಂತಾಗ ಎಂಜಿನ್ನಿನ ಬಲವೆಲ್ಲ ಟ್ರ್ಯಾಕ್ಟರಿನ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ತಿರುಗಿಸುತ್ತದೆ. ಮೂತಿ ಮೇಲೇಳುತ್ತದೆ, ಒಂದೆರಡು ಸೆಕೆಂಡಿನೊಳಗೆ ಇಡೀ ಯಂತ್ರ ಕೂತವನ ಮೇಲಿರುತ್ತದೆ. ಕ್ಲಚ್ ತುಳಿಯಬೇಕೆಂದು ತಲೆಗೆ ಹೊಳೆದು ಕಾಲು ಅಲ್ಲಿಗೆ ಹೋಗುವಷ್ಟರಲ್ಲಿ ಕಾಲ ಮೀರಿರುತ್ತದೆ. ಹಿಂದಿನ ಮಡ್‌ಗಾರ್ಡುಗಳನ್ನು ನೆಲದತ್ತ ಚಾಚಿ, ಎದ್ದ ಟ್ರ್ಯಾಕ್ಟರಿಗೆ ಆಸರೆ ಕೊಡುವ ಪ್ರಯತ್ನವೂ ನಡೆಯಿತು. ನಿಜವಾದ ಪರಿಹಾರ ಕೊಟ್ಟವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ನೇಗಿಲನ್ನು ಎಳೆಯುವ ಬದಲು ಕೆಳಗೆ ಎರಡು ತೋಳು, ಮೇಲೆ ಒಂದು ತೋಳು ಕೊಟ್ಟು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಿದ. ನೇಗಿಲು ಕಲ್ಲಿಗೆ ತಾಗಿದರೆ ಮೇಲಿನ ತೋಳು ಮುಂದಕ್ಕೆ ಒತ್ತುತ್ತದೆ, ಏಳಬೇಕಾದ ಮೂತಿಯನ್ನು ಆ ಒತ್ತಡವೇ ನೆಲಕ್ಕೆ ಅದುಮುತ್ತದೆ. ಬೀಳಿಸುತ್ತಿದ್ದ ಬಲವನ್ನೇ ಬೀಳದಂತೆ ಹಿಡಿಯುವ ಬಲವಾಗಿ ತಿರುಗಿಸಿದ ಆ ಮೂರು ತೋಳಿನ ಕೊಂಡಿ ಇಂದು ಜಗತ್ತಿನ ಬಹುಪಾಲು ಟ್ರ್ಯಾಕ್ಟರುಗಳ ಹಿಂದೆ ಇದೆ. ಕೃಷಿ ಯಂತ್ರಗಳ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಯೋಚನೆ ನನಗೆ ಕಾಣುವುದಿಲ್ಲ. ಆದರೆ ಇದು ಕಾಯುವುದು ಕೊಂಡಿಗೆ ಸಿಕ್ಕಿಸಿದ ಸಲಕರಣೆ ನೆಲದಲ್ಲಿ ಕೆಲಸ ಮಾಡುತ್ತಿರುವಾಗ ಮಾತ್ರ. ದಿಮ್ಮಿಗೆ ಸರಪಳಿ ಬಿಗಿದು, ಅದರ ಇನ್ನೊಂದು ತುದಿಯನ್ನು ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ ಏರು ಹತ್ತಿದರೆ ಫರ್ಗ್ಯುಸನ್ನನ ಕೊಂಡಿಯೂ ಉಳಿಸಲಾರದು. ಇನ್ನು ಅಡ್ಡಕ್ಕೆ ಮಗುಚುವ ವಿಷಯದಲ್ಲಿ ಅದಕ್ಕೆ ಹೇಳುವುದೇನೂ ಇರಲಿಲ್ಲ.

ಅಡ್ಡಕ್ಕೆ ಬೀಳುವುದರ ಗುಟ್ಟು ಇರುವುದು ಎರಡು ಅಳತೆಗಳಲ್ಲಿ: ಹಿಂದಿನ ಚಕ್ರಗಳ ನಡುವಿನ ಅಗಲ, ನೆಲದಿಂದ ಗುರುತ್ವ ಕೇಂದ್ರದ ಎತ್ತರ. ಒಂದು ಸಣ್ಣ ಟ್ರ್ಯಾಕ್ಟರಿನ ಅಗಲ 100 ಸೆಂಟಿಮೀಟರ್, ಕೇಂದ್ರದ ಎತ್ತರ 60 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಕಾಗದದ ಮೇಲೆ ಅದು ಸುಮಾರು 40 ಡಿಗ್ರಿ ವಾಲುವವರೆಗೂ ನಿಲ್ಲಬೇಕು. ಆದರೆ ಟ್ರ್ಯಾಕ್ಟರ್ ನಾಲ್ಕು ಕಾಲಿನ ಮೇಜಲ್ಲ. ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿದರೆ ಮುಂದಿನ ಅಚ್ಚು ನಟ್ಟನಡುವೆ ಒಂದೇ ಒಂದು ದಪ್ಪ ಪಿನ್ನಿಗೆ ನೇತುಬಿದ್ದಿರುವುದು ಕಾಣುತ್ತದೆ. ಉಬ್ಬುತಗ್ಗಿನಲ್ಲಿ ನಾಲ್ಕೂ ಚಕ್ರ ನೆಲ ಮುಟ್ಟಿರಲೆಂದು ಆ ಏರ್ಪಾಡು. ಹಾಗಾಗಿ ವಾಲತೊಡಗಿದ ಯಂತ್ರಕ್ಕೆ ಮುಂದಿನ ಚಕ್ರಗಳ ಆಸರೆ ಮೊದಲಿಗೆ ಸಿಗುವುದೇ ಇಲ್ಲ. ಅದು ಕೂತಿರುವುದು ಆ ಪಿನ್ನು ಮತ್ತು ಹಿಂದಿನ ಎರಡು ಚಕ್ರಗಳು ಸೇರಿದ ತ್ರಿಕೋನದ ಮೇಲೆ. ಇದನ್ನು ಲೆಕ್ಕಕ್ಕೆ ಹಿಡಿದರೆ 40 ಡಿಗ್ರಿ 35ರ ಆಸುಪಾಸಿಗೆ ಇಳಿಯುತ್ತದೆ. ಈಗ ಮೇಲಿನ ಚಕ್ರ 15 ಸೆಂಟಿಮೀಟರಿನ ಕಲ್ಲು ಹತ್ತಿತು, ಅದೇ ಗಳಿಗೆಯಲ್ಲಿ ಕೆಳಗಿನದು 10 ಸೆಂಟಿಮೀಟರಿನ ಗುಂಡಿಗಿಳಿಯಿತು ಎನ್ನಿ. ಅಷ್ಟಕ್ಕೇ 14 ಡಿಗ್ರಿ ಹೋಯಿತು, ಉಳಿದದ್ದು ಇಪ್ಪತ್ತೊಂದು. ಇನ್ನೂ ವೇಗವನ್ನು ಸೇರಿಸಿಲ್ಲ, ತಿರುವನ್ನು ಸೇರಿಸಿಲ್ಲ, ಹಿಂದಿನಿಂದ ನೂಕುವ ಟ್ರೇಲರನ್ನಾಗಲಿ ಮೇಲೆತ್ತಿಕೊಂಡ ರೋಟವೇಟರನ್ನಾಗಲಿ ಸೇರಿಸಿಲ್ಲ. ಗುಡ್ಡದ ಇಳಿಜಾರು 40 ಡಿಗ್ರಿ ಇರಬೇಕಾಗಿಲ್ಲ, ಒಂದು ಕಲ್ಲು ಮತ್ತು ಒಂದು ಗುಂಡಿ ಸಾಕು.

ಇದಕ್ಕೆ ಸೆಟ್ಟಿಂಗಿನ ಉತ್ತರಗಳು ಬಹಳ ಹಿಂದೆಯೇ ಇದ್ದವು. 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾಗತೊಡಗಿದ ಫರ್ಗ್ಯುಸನ್ ಟಿಇ20ಯಲ್ಲಿ ಚಕ್ರಗಳ ಅಗಲವನ್ನು 48 ಇಂಚಿನಿಂದ 76 ಇಂಚಿನವರೆಗೆ ನಾಲ್ಕು ನಾಲ್ಕು ಇಂಚಿನಂತೆ ಹೆಚ್ಚಿಸಬಹುದಿತ್ತು. ಚಕ್ರ ಬಿಚ್ಚಿ, ನಡುವಿನ ತಟ್ಟೆಯನ್ನು ಮಗುಚಿ ಕೂರಿಸಿದರಾಯಿತು. ನಮ್ಮ ಲೆಕ್ಕದ ಪುಟ್ಟ ಟ್ರ್ಯಾಕ್ಟರಿನಲ್ಲೂ ಅಗಲವನ್ನು 100ರಿಂದ 130ಕ್ಕೆ ಏರಿಸಿದರೆ ಕಾಗದದ ಮೇಲಿನ 40 ಡಿಗ್ರಿ 47 ಆಗುತ್ತದೆ. ಎರಡನೆಯದು ನೀರು. ಹಿಂದಿನ ಟಯರಿನ ವಾಲ್ವನ್ನು ಮೇಲಕ್ಕೆ ಬರುವಂತೆ ತಿರುಗಿಸಿ ವಾಲ್ವಿನ ಮಟ್ಟದವರೆಗೆ ನೀರು ತುಂಬಿದರೆ ಟಯರು ಮುಕ್ಕಾಲು ತುಂಬುತ್ತದೆ, ಉಳಿದ ಕಾಲು ಭಾಗ ಗಾಳಿಯ ಮೆತ್ತೆ. ಹಿಮ ಬೀಳುವ ದೇಶಗಳಲ್ಲಿ ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮ್ಮಲ್ಲಿ ಬರೀ ಬಾವಿಯ ನೀರು ಸಾಕು. ಈ ತೂಕ ಕೂರುವುದು ಗುರುತ್ವ ಕೇಂದ್ರಕ್ಕಿಂತ ಕೆಳಗೆ, ಆದ್ದರಿಂದ ಕೇಂದ್ರವನ್ನೇ ಕೆಳಕ್ಕೆ ಜಗ್ಗುತ್ತದೆ. ಇನ್ನು ಬ್ರೇಕು. ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರಿನಲ್ಲಿ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಯುವಾಗ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರಾಗುತ್ತದೆ, ಹಗುರಾದ ಚಕ್ರಕ್ಕೆ ಹಾಕಿದ ಬ್ರೇಕು ಜಾರುಬಂಡಿಯಾಗುತ್ತದೆ. ನಾಲ್ಕು ಚಕ್ರ ಚಾಲನೆಯಲ್ಲಿ ಮುಂದಿನ ಚಕ್ರಗಳ ಚಾಲನೆಯನ್ನೂ ಜೋಡಿಸಿಕೊಂಡರೆ ಎಂಜಿನ್ನಿನ ಹಿಡಿತ ಮುಂದಿನ ಚಕ್ರಗಳಿಗೂ ಸಿಗುತ್ತದೆ. ಇಳಿಜಾರಿಗೆ ನಾಲ್ಕು ಚಕ್ರ ಬೇಕೆನ್ನುವುದು ಹತ್ತುವುದಕ್ಕಿಂತ ಹೆಚ್ಚಾಗಿ ಇಳಿಯುವುದಕ್ಕೆ.

ಇಷ್ಟೆಲ್ಲ ಗೊತ್ತಿದ್ದರೂ ಸಣ್ಣ ಟ್ರ್ಯಾಕ್ಟರಿನ ಹುಟ್ಟಿನಲ್ಲೇ ಒಂದು ವಿರೋಧವಿದೆ. ಇಂದಿನ ಕಾಂಪ್ಯಾಕ್ಟ್ ಟ್ರ್ಯಾಕ್ಟರು ರೂಪುಗೊಂಡದ್ದು ಜಪಾನಿನಲ್ಲಿ, ನೀರು ನಿಲ್ಲಿಸಿ ಮಟ್ಟ ಮಾಡಿದ ಚಿಕ್ಕ ಚಿಕ್ಕ ಗದ್ದೆಗಳಿಗಾಗಿ. ಕುಬೋಟಾ ಕಂಪನಿಯ ಎಲ್200 ಅಮೆರಿಕದ ಮಾರುಕಟ್ಟೆಗೆ ಹೋದದ್ದು 1969ರಲ್ಲಿ. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ವಿಎಸ್‌ಟಿ ಟಿಲ್ಲರ್ಸ್ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಟಿಲ್ಲರನ್ನೂ ಪುಟ್ಟ ಟ್ರ್ಯಾಕ್ಟರನ್ನೂ ಕರ್ನಾಟಕದ ರೈತರಿಗೆ ಪರಿಚಯಿಸಿತು. ಸಮತಟ್ಟಾದ ಕೆಸರಿಗೆಂದು ಹುಟ್ಟಿದ ಯಂತ್ರ ಹೀಗೆ ತೋಟಕ್ಕೆ ಬಂತು, ತೋಟದಿಂದ ಗುಡ್ಡದ ದಾರಿಗೆ ಹತ್ತಿತು. ಮರಗಳ ಸಾಲಿನ ನಡುವೆ ನುಸುಳಬೇಕೆಂದೇ ಜನ ಅದನ್ನು ಕೊಳ್ಳುವುದು. ಅಗಲ ಮಾಡಿದರೆ ಸಾಲಿನಲ್ಲಿ ಹೋಗದು, ಅಗಲ ಮಾಡದಿದ್ದರೆ ಇಳಿಜಾರಿನಲ್ಲಿ ನಿಲ್ಲದು. ಯಾವ ಸೆಟ್ಟಿಂಗೂ ಈ ಗಂಟನ್ನು ಪೂರ್ತಿ ಬಿಡಿಸುವುದಿಲ್ಲ.

ಗಂಟನ್ನು ಬೇರೆ ಕಡೆಯಿಂದ ಹಿಡಿದವರು ಸ್ವೀಡನ್ನಿನವರು. 1950ರ ದಶಕದಲ್ಲಿ ಅಲ್ಲಿನ ಪರೀಕ್ಷಕರು ಕೇಳಿಕೊಂಡ ಪ್ರಶ್ನೆ, ಬೀಳದಂತೆ ಮಾಡುವುದು ಹೇಗೆ ಎಂಬುದಲ್ಲ, ಬಿದ್ದಾಗ ಕೂತವನು ಬದುಕುವುದು ಹೇಗೆ ಎಂಬುದು. ಚಾಲಕನ ಸುತ್ತ ಉಕ್ಕಿನ ಚೌಕಟ್ಟು ಕಟ್ಟಿ, ಭಾರವಾದ ಗುಂಡನ್ನು ಲೋಲಕದಂತೆ ತೂಗಿಬಿಟ್ಟು ಅದಕ್ಕೆ ಹೊಡೆಸಿದರು. ಮುಂದೆ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಈ ಗುಂಡಿನ ತೂಕ 2000 ಕಿಲೋ ಎಂದು ನಿಗದಿಯಾಯಿತು. ಚೌಕಟ್ಟು ಬಗ್ಗಬಹುದು, ಚಾಲಕನ ಜಾಗದೊಳಕ್ಕೆ ಮಾತ್ರ ಬರಕೂಡದು. 1959ರಿಂದ ಸ್ವೀಡನ್ನಿನಲ್ಲಿ ಇಂಥ ಚೌಕಟ್ಟಿಲ್ಲದ ಹೊಸ ಟ್ರ್ಯಾಕ್ಟರನ್ನು ಮಾರುವಂತಿರಲಿಲ್ಲ, ಮುಂದೆ ಹಳೆಯವಕ್ಕೂ ಅದನ್ನು ಕಡ್ಡಾಯ ಮಾಡಿದರು. 1957ರಲ್ಲಿ ಪ್ರತಿ ಲಕ್ಷ ಟ್ರ್ಯಾಕ್ಟರಿಗೆ 17ರಷ್ಟಿದ್ದ ಪಲ್ಟಿ ಸಾವು 1990ರ ಹೊತ್ತಿಗೆ 0.3ಕ್ಕೆ ಇಳಿಯಿತು. ಬ್ರಿಟನ್ 1970ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ, 1977ರಲ್ಲಿ ಹಳೆಯವಕ್ಕೂ ಈ ನಿಯಮ ತಂದಿತು. ಅಮೆರಿಕ 1976ರಲ್ಲಿ ಕೂಲಿಯಾಳು ಓಡಿಸುವ ಟ್ರ್ಯಾಕ್ಟರುಗಳಿಗೆ ಕಡ್ಡಾಯ ಮಾಡಿ, ತನ್ನ ಹೊಲವನ್ನು ತಾನೇ ಉಳುವ ರೈತನನ್ನು ಹೊರಗಿಟ್ಟಿತು. ಸ್ವಂತ ಹೊಲದ ಗುಡ್ಡ ಮಾಲೀಕನೆಂದು ಕರುಣೆ ತೋರುತ್ತದೆಯೇ?

ಸ್ವೀಡನ್ನಿನ ಈ ಇಳಿಕೆಗೆ ಬೇರೆ ಕಾರಣಗಳೂ ಇರಬಹುದಲ್ಲ, ರೈತರ ಸಂಖ್ಯೆ ಕಡಿಮೆಯಾಯಿತು, ಯಂತ್ರಗಳು ಸುಧಾರಿಸಿದವು ಎಂದು ಕೇಳಬಹುದು. ಆದರೆ ಅಂಕಿ ಒಟ್ಟು ಸಾವಿನದಲ್ಲ, ಲಕ್ಷ ಟ್ರ್ಯಾಕ್ಟರಿಗೆ ಎಷ್ಟು ಎಂಬ ಪ್ರಮಾಣ. ಯಂತ್ರ ಸುಧಾರಿಸಿದ್ದು ನಿಜ, ಆದರೂ ಸುಧಾರಿಸಿದ ಯಂತ್ರಗಳು ಪಲ್ಟಿಯಾಗುವುದನ್ನು ನಿಲ್ಲಿಸಲಿಲ್ಲ, ಅಡಿಯಲ್ಲಿ ಸಿಕ್ಕವರು ಸಾಯುವುದು ಬಹುಮಟ್ಟಿಗೆ ನಿಂತಿತು. ಇಳಿಜಾರಿಗೆಂದೇ ಬೇರೆ ಯಂತ್ರ ಕಟ್ಟಬಹುದಲ್ಲ ಎಂಬುದು ಇನ್ನೊಂದು ಪ್ರಶ್ನೆ. ಆಲ್ಪ್ಸ್ ಪರ್ವತದ ರೈತರು ಅದನ್ನೇ ಮಾಡಿದರು. ಸ್ವಿಟ್ಜರ್ಲೆಂಡಿನ ಎಬಿ ಕಂಪನಿ 1970ರ ದಶಕದಲ್ಲಿ ತಂದ ಟೆರ್‍ರಾಟ್ರ್ಯಾಕ್ ಕಪ್ಪೆಯಂತೆ ನೆಲಕ್ಕಂಟಿ ಕೂರುವ ಅಗಲ ಯಂತ್ರ, ಟ್ರ್ಯಾಕ್ಟರು ಮುಖ ಹಾಕದ ಬೆಟ್ಟದ ಹುಲ್ಲನ್ನು ಅದು ಕೊಯ್ಯುತ್ತದೆ. ಆದರೆ ಅದಕ್ಕೆ ಬೇಕಿರುವುದು ಬಯಲು ಹುಲ್ಲುಗಾವಲು, ಎರಡು ಅಡಿಕೆ ಮರಗಳ ನಡುವಿನ ಓಣಿಯಲ್ಲ. ಹುಲ್ಲು ಕೊಯ್ಯಲೆಂದೇ ದುಬಾರಿ ಯಂತ್ರ ಸಾಕುವ ಶಕ್ತಿ ಎರಡೆಕರೆಯವನಿಗೆ ಇಲ್ಲ. ಅವನಿಗೆ ಉಳುವುದು, ಸಾಗಿಸುವುದು, ಔಷಧಿ ಹೊಡೆಯುವುದು ಎಲ್ಲಕ್ಕೂ ಒಂದೇ ಯಂತ್ರ. ಇನ್ನು ಚಾಲಕನ ಅಜಾಗ್ರತೆಯ ಮಾತು. ಅಜಾಗ್ರತೆ ಇಲ್ಲವೆಂದಲ್ಲ, ಆದರೆ ಹುಲ್ಲಿನಡಿಯ ಕಲ್ಲನ್ನು ಯಾವ ಜಾಗ್ರತೆಯೂ ಕಾಣದು. ದಿನಕ್ಕೆ ಹತ್ತು ಗಂಟೆ ದುಡಿಯುವವನು ಹತ್ತೂ ಗಂಟೆ ತಪ್ಪದೆ ಇರಬೇಕೆಂದು ಕೇಳುವುದು ನ್ಯಾಯವಲ್ಲ.

ನನಗೆ ಗಟ್ಟಿಯೆನಿಸುವ ಆಕ್ಷೇಪ ತೋಟದಿಂದಲೇ ಬರುತ್ತದೆ: ರಕ್ಷಣಾ ಚೌಕಟ್ಟಿನ ಎತ್ತರದ ಕಂಬಿ ಕೊಂಬೆಗೆ ತಾಗುತ್ತದೆ, ಕಾಯಿ ಉದುರಿಸುತ್ತದೆ. ಇದು ಸುಳ್ಳಲ್ಲ. ಅದಕ್ಕೆಂದೇ ಕಿರಿದಗಲದ ಟ್ರ್ಯಾಕ್ಟರುಗಳಿಗೆ ಪ್ರತ್ಯೇಕ ಪರೀಕ್ಷಾ ನಿಯಮಗಳು ಬಂದವು, ಮಡಚುವ ಕಂಬಿಯೂ ಬಂತು. ಅದರ ಕೀಲಿನಲ್ಲಿ ಎಡಕ್ಕೊಂದು ಬಲಕ್ಕೊಂದು ಪಿನ್ನು. ಸಾಲಿನೊಳಗೆ ಹೋಗುವಾಗ ಪಿನ್ನು ತೆಗೆದು ಕಂಬಿ ಮಲಗಿಸಬೇಕು, ಹೊರಬಂದಾಗ ಇಳಿದು ಎತ್ತಿ ಮತ್ತೆ ಪಿನ್ನು ತೂರಿಸಿ ಸೀಟ್ ಬೆಲ್ಟ್ ಬಿಗಿಯಬೇಕು. ಮಲಗಿದ ಕಂಬಿಗೆ ಬೆಲ್ಟ್ ಕಟ್ಟಿಕೊಳ್ಳುವುದು ಯಂತ್ರದಡಿಗೆ ತನ್ನನ್ನು ತಾನೇ ಕಟ್ಟಿಹಾಕಿಕೊಂಡಂತೆ. ಕಂಬಿ ಭಾರ, ಕೀಲು ತುಕ್ಕು, ಸಂಜೆಯ ಹೊತ್ತು ಮನೆಯ ದಾರಿ. ಮಡಚಿದ್ದು ಮಡಚಿದಂತೆಯೇ ಉಳಿಯುತ್ತದೆ. ಬಿಸಿಲಿಗೆಂದು ತಗಡಿನ ಹುಡ್ ಹಾಕಿಸಿಕೊಂಡು ಅದನ್ನೇ ರಕ್ಷಣೆಯೆಂದು ನಂಬುವುದೂ ಇದೆ, ಆ ತಗಡಿನ ನಾಲ್ಕು ಪೈಪುಗಳು ಟನ್ನು ತೂಕದ ಕೆಳಗೆ ಕ್ಷಣವೂ ನಿಲ್ಲವು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಎಂಜಿನಿಯರುಗಳು ಮಾಡಿದ ಪ್ರಯೋಗವೊಂದರಲ್ಲಿ ಕಂಬಿ ಸೀಟಿನ ಹಿಂದೆ ಗಿಡ್ಡಗೆ ಅಡಗಿ ಕೂತಿರುತ್ತದೆ. ಟ್ರ್ಯಾಕ್ಟರ್ ಮಗುಚತೊಡಗಿತೆಂದು ಸಂವೇದಕಕ್ಕೆ ತಿಳಿದ ಕೂಡಲೇ ಸ್ಪ್ರಿಂಗು ಬಿಟ್ಟುಕೊಂಡು, ನೆಲ ಮುಟ್ಟುವ ಮೊದಲೇ ಅದು ತಾನಾಗಿ ಮೇಲೆದ್ದು ಲಾಕಾಗುತ್ತದೆ. ಚಾಲಕ ಇಳಿಯಬೇಕಿಲ್ಲ, ಪಿನ್ನು ನೆನಪಿಡಬೇಕಿಲ್ಲ.